‘ಮಾರ್ಕೆಟ್’ ಎಂಬ ಇಂಗ್ಲಿಷ್ ನಾಮಪದ: ಸಮಾನಾರ್ಥಕಗಳು ಮತ್ತು ದಿನಬಳಕೆ – ಪದೇ ಪದೇ ಕೇಳುವ ಪ್ರಶ್ನೆಗಳು

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಇಂಗ್ಲಿಷ್ ಓದದವರ ಬಾಯಲ್ಲೂ ಸಲೀಸಾಗಿ ಬರುವ ಇಂಗ್ಲಿಷ್ ನಾಮಪದಗಳಲ್ಲಿ ‘ಮಾರ್ಕೆಟ್’ ಒಂದು. ಮೆಕ್ಕೆಜೋಳದ ಚೀಲ ಇಳಿಸುವ ಹಮಾಲರು, ಅಡಿಕೆ ಬೆಳೆಗಾರರು, ಸೀರೆ ಅಂಗಡಿಯವರು, ಷೇರು ಕೊಳ್ಳುವ ಯುವಕರು ಎಲ್ಲರೂ ಈ ಪದವನ್ನು ಬಳಸುತ್ತಾರೆ. ಆದರೆ ಪ್ರತಿಯೊಬ್ಬರ ಮನಸ್ಸಿನಲ್ಲಿರುವ ಅರ್ಥ ಬೇರೆ. ಇಂಗ್ಲಿಷ್ ಕಲಿಯುವ ವಿದ್ಯಾರ್ಥಿಗಳು, ಅನುವಾದ ಮಾಡುವವರು, ಮಂಡಿ ಮತ್ತು ಕಚೇರಿಗಳಲ್ಲಿ ಎರಡೂ ಭಾಷೆಗಳಲ್ಲಿ ಪತ್ರ ಬರೆಯಬೇಕಾದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

‘ಮಾರ್ಕೆಟ್’ ಪದಕ್ಕೆ ಸರಿಯಾದ ಕನ್ನಡ ಪದ ಯಾವುದು: ಮಾರುಕಟ್ಟೆಯೋ, ಸಂತೆಯೋ, ಪೇಟೆಯೋ, ಮಂಡಿಯೋ?

ನಾಲ್ಕೂ ಸರಿ, ಆದರೆ ಒಂದರ ಜಾಗದಲ್ಲಿ ಇನ್ನೊಂದು ನಿಲ್ಲುವುದಿಲ್ಲ. ಇಂಗ್ಲಿಷಿನ ‘ಮಾರ್ಕೆಟ್’ ಒಂದೇ ಪದವಾಗಿದ್ದರೂ ಅದು ಕನಿಷ್ಠ ನಾಲ್ಕು ಸಂಗತಿಗಳನ್ನು ಸೂಚಿಸುತ್ತದೆ: ಕೊಡುಕೊಳ್ಳುವ ಜಾಗ, ಕೊಡುಕೊಳ್ಳಲು ಜನ ಸೇರುವ ದಿನ, ಆ ಹೊತ್ತಿನ ಬೆಲೆಯ ಏರಿಳಿತ, ಮತ್ತು ಒಂದು ಸರಕನ್ನು ಕೊಳ್ಳಲು ಸಿದ್ಧರಿರುವ ಜನ. ಕನ್ನಡವು ಈ ನಾಲ್ಕನ್ನೂ ಬೇರೆ ಬೇರೆ ಪದಗಳಿಗೆ ಹಂಚಿಕೊಟ್ಟಿದೆ. ಆದ್ದರಿಂದ ನಿಘಂಟು ತೆರೆಯುವ ಮೊದಲು ‘ಇಲ್ಲಿ ಹೇಳುತ್ತಿರುವುದು ಜಾಗವನ್ನೋ, ದಿನವನ್ನೋ, ದರವನ್ನೋ, ಗಿರಾಕಿಗಳನ್ನೋ’ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಈ ಪುಟದ ಹೆಚ್ಚಿನ ಉತ್ತರಗಳು ಅದೇ ಪ್ರಶ್ನೆಯಿಂದ ಹುಟ್ಟಿದವು.

‘ದ ಮಾರ್ಕೆಟ್ ಈಸ್ ನಿಯರ್ ದ ಬಸ್ ಸ್ಟ್ಯಾಂಡ್’ ಎಂಬಲ್ಲಿ ಇರುವುದು ಜಾಗ. ಅದನ್ನು ಮಾರುಕಟ್ಟೆ ಎನ್ನಬಹುದು. ‘ಟುಮಾರೋ ಈಸ್ ಮಾರ್ಕೆಟ್ ಡೇ’ ಎಂದರೆ ‘ನಾಳೆ ಸಂತೆ’ ಎಂದಷ್ಟೇ ಬರೆದರೆ ಸಾಕು. ‘ಸಂತೆಯ ದಿನ’ ಎನ್ನುವ ಅಗತ್ಯವೂ ಇಲ್ಲ, ಏಕೆಂದರೆ ಸಂತೆ ಎಂಬುದರಲ್ಲಿ ದಿನ ಸೇರಿಕೊಂಡೇ ಇದೆ. ‘ದ ಮಾರ್ಕೆಟ್ ಈಸ್ ಡೌನ್’ ಎಂದರೆ ಧಾರಣೆ ಇಳಿದಿದೆ. ‘ದೇರ್ ಈಸ್ ನೋ ಮಾರ್ಕೆಟ್ ಫಾರ್ ಇಟ್’ ಎಂದರೆ ಅದನ್ನು ಕೇಳುವವರಿಲ್ಲ, ಅದಕ್ಕೆ ಗಿರಾಕಿ ಇಲ್ಲ. ಈ ಕೊನೆಯ ವಾಕ್ಯವನ್ನು ‘ಅದಕ್ಕೆ ಮಾರುಕಟ್ಟೆ ಇಲ್ಲ’ ಎಂದು ಅನುವಾದಿಸಿದರೆ ಓದುಗರು ಮಾರುಕಟ್ಟೆಯ ಕಟ್ಟಡ ಇನ್ನೂ ಆಗಿಲ್ಲವೆಂದು ತಿಳಿಯುವ ಸಾಧ್ಯತೆ ಇದೆ.

‘ಮಾರುಕಟ್ಟೆ’ ಎಂಬುದು ‘ಮಾರ್ಕೆಟ್’ನಿಂದಲೇ ಬಂದ ಪದವೇ?

ಎರಡರ ಧ್ವನಿ ಹತ್ತಿರವಿರುವುದರಿಂದ ಈ ಅನುಮಾನ ಸಹಜ. ಆದರೆ ‘ಮಾರು’ ಎಂಬ ಧಾತುವೂ ‘ಕಟ್ಟೆ’ ಎಂಬ ನಾಮಪದವೂ ಅಚ್ಚ ಕನ್ನಡದವು. ಹಳಗನ್ನಡದಲ್ಲಿ ‘ಮಾಱು’ ಎಂದು ಱಕಾರ ಹಾಕಿ ಬರೆಯುತ್ತಿದ್ದ ಈ ಕ್ರಿಯಾಪದ ದ್ರಾವಿಡ ಮೂಲದ್ದು. ಇಂಗ್ಲಿಷಿನ ‘ಮಾರ್ಕೆಟ್’ ಲ್ಯಾಟಿನ್ನಿನ ‘ಮೆರ್ಕಾಟುಸ್’ನಿಂದ ಬಂದದ್ದು, ಸರಕು ಎಂಬ ಅರ್ಥದ ‘ಮೆರ್ಕ್ಸ್’ ಅದರ ಬೇರು, ಮರ್ಚೆಂಟ್ ಮತ್ತು ಕಾಮರ್ಸ್ ಪದಗಳು ಅದೇ ಕುಲದವು. ಎರಡು ಬೇರುಗಳಿಗೂ ಸಂಬಂಧವಿಲ್ಲ. ಧ್ವನಿಯೂ ಅರ್ಥವೂ ಒಟ್ಟಿಗೆ ಹೊಂದಿಕೊಂಡದ್ದರಿಂದ ‘ಮಾರ್ಕೆಟ್’ ಎಂದಲ್ಲೆಲ್ಲ ‘ಮಾರುಕಟ್ಟೆ’ ಎಂದು ಬರೆಯುವ ರೂಢಿ ಬಲವಾಯಿತು ಎನ್ನಬಹುದು. ಈ ಅನುಕೂಲವೇ ಈಗ ಅನುವಾದಕರಿಗೆ ತೊಡಕೂ ಆಗಿದೆ, ಏಕೆಂದರೆ ಕೈಗೆ ಸುಲಭವಾಗಿ ಸಿಗುವ ಪದದಿಂದಾಗಿ ಸಂತೆ, ಪೇಟೆ, ಧಾರಣೆ, ಗಿರಾಕಿ ಮುಂತಾದ ನಿಖರ ಪದಗಳು ಬರವಣಿಗೆಯಿಂದ ಹಿಂದೆ ಸರಿಯುತ್ತಿವೆ.

‘ಸಂತೆ’ಗೆ ಇಂಗ್ಲಿಷಿನಲ್ಲಿ ಏನು ಬರೆಯಬೇಕು? ‘ಮಾರ್ಕೆಟ್’ ಎಂದರೆ ಸಾಕೇ, ‘ಫೇರ್’ ಎನ್ನಬೇಕೇ, ‘ಶ್ಯಾಂಡಿ’ ಎನ್ನಬೇಕೇ?

ವಾರಕ್ಕೊಮ್ಮೆ ಸೇರುವ ಸಂತೆಗೆ ‘ವೀಕ್ಲಿ ಮಾರ್ಕೆಟ್’ ಎಂಬುದು ಎಲ್ಲ ದೇಶದ ಓದುಗರಿಗೂ ಅರ್ಥವಾಗುವ ಪದ. ದಕ್ಷಿಣ ಭಾರತದ ಇಂಗ್ಲಿಷಿನಲ್ಲಿ ‘ಶ್ಯಾಂಡಿ’ ಎಂಬ ಪದವೂ ಉಂಟು. ತಮಿಳಿನ ‘ಸಂದೈ’, ತೆಲುಗಿನ ‘ಸಂತ’, ನಮ್ಮ ‘ಸಂತೆ’ಗಳ ಬಳಗದ ಈ ಪದವನ್ನು ಬ್ರಿಟಿಷ್ ಆಡಳಿತಗಾರರು ತಮ್ಮ ನಾಲಿಗೆಗೆ ಹೊಂದಿಸಿಕೊಂಡರು, ಇಂದಿಗೂ ದಕ್ಷಿಣದ ಇಂಗ್ಲಿಷ್ ಪತ್ರಿಕೆಗಳಲ್ಲಿ ‘ಕ್ಯಾಟಲ್ ಶ್ಯಾಂಡಿ’ ಎಂದರೆ ದನದ ಸಂತೆ. ಸ್ಥಳೀಯ ಸಂಸ್ಥೆಗೆ ಬರೆಯುವ ಪತ್ರದಲ್ಲಿ ಇದನ್ನು ಬಳಸುವುದರಲ್ಲಿ ತಪ್ಪಿಲ್ಲ. ಹೊರದೇಶದವರಿಗೆ ಬರೆಯುವಾಗ ಮಾತ್ರ ಬಿಡುವುದು ಲೇಸು: ಬ್ರಿಟನ್ನಿನಲ್ಲಿ ಇದೇ ಉಚ್ಚಾರಣೆಯ ಪದಕ್ಕೆ ಬಿಯರಿನೊಂದಿಗೆ ನಿಂಬೆಯ ಪಾನೀಯ ಬೆರೆಸಿದ ಪೇಯ ಎಂಬ ಅರ್ಥವಿದೆ.

‘ಫೇರ್’ ಪದದ ವಿಷಯ ಬೇರೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಸಂತೆ ನಡೆಸುವ ಹಕ್ಕನ್ನು ರಾಜ ಸನ್ನದಿನ ಮೂಲಕ ಕೊಡುತ್ತಿದ್ದ. ವಾರದ ವ್ಯಾಪಾರಕ್ಕೆ ಮಾರ್ಕೆಟ್ ಎಂದೂ, ವರ್ಷಕ್ಕೊಮ್ಮೆ ಬಹುಮಟ್ಟಿಗೆ ಸಂತರ ಹಬ್ಬದ ಹೊತ್ತಿಗೆ ನಡೆಯುವ ದೊಡ್ಡ ವ್ಯಾಪಾರಕ್ಕೆ ಫೇರ್ ಎಂದೂ ಹೆಸರಿತ್ತು. ಹಬ್ಬ ಎಂಬ ಅರ್ಥದ ಲ್ಯಾಟಿನ್ ಪದವೇ ಫೇರ್‌ನ ಮೂಲ. ಹೀಗಾಗಿ ನಮ್ಮ ಸಂತೆಗೂ ಜಾತ್ರೆಗೂ ಇರುವ ಅಂತರವೇ ಅಲ್ಲಿಯೂ ಇದೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯನ್ನಾಗಲಿ, ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುರ್ಗಾಂಬಿಕಾ ದೇವಿಯ ಜಾತ್ರೆಯನ್ನಾಗಲಿ ‘ಮಾರ್ಕೆಟ್’ ಎನ್ನಲಾಗದು. ಅಲ್ಲಿ ಬಳೆ, ಬೆಂಡು, ಬತ್ತಾಸು ಎಷ್ಟು ಮಾರಿದರೂ ಅದು ಜಾತ್ರೆಯೇ, ಇಂಗ್ಲಿಷಿನಲ್ಲಿ ‘ಫೇರ್’. ಇನ್ನು ‘ಫೇರ್ ಪ್ರೈಸ್ ಶಾಪ್’ನಲ್ಲಿರುವ ಫೇರ್ ಬೇರೊಂದು ಪದ, ಅದು ಗುಣವಾಚಕ, ನ್ಯಾಯವಾದ ಎಂಬ ಅರ್ಥದ್ದು. ಪಡಿತರದ ಅಂಗಡಿಗೆ ನ್ಯಾಯಬೆಲೆ ಅಂಗಡಿ ಎಂಬ ಹೆಸರು ಬಂದದ್ದು ಅದರಿಂದ.

ಊರಿನ ಹೆಸರುಗಳಲ್ಲಿಯೂ ಎರಡು ಭಾಷೆಗಳ ನಡುವೆ ಹೋಲಿಕೆ ಕಾಣುತ್ತದೆ. ಪುಷ್ಕರಣಿಗೆ ಹೆಸರಾದ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ‘ಸಂತೆ’ ಊರಿನ ಹೆಸರಿಗೆ ಸೇರಿಹೋಗಿದೆ. ಇಂಗ್ಲೆಂಡಿನ ಮಾರ್ಕೆಟ್ ಹಾರ್ಬರೋ ಎಂಬ ಊರಿನ ಹೆಸರೂ ಅದೇ ಬಗೆಯದು. ಅಲ್ಲಿನ ಚಿಪ್ಪಿಂಗ್ ನಾರ್ಟನ್ ಎಂಬ ಊರಿನ ‘ಚಿಪ್ಪಿಂಗ್’ ಕೂಡ ಸಂತೆ ಎಂಬ ಅರ್ಥದ ಹಳೆಯ ಇಂಗ್ಲಿಷ್ ಪದವೇ. ವ್ಯಾಪಾರ ಎಂಬ ಅರ್ಥವಿದ್ದ ಆ ಪದದ ಬೇರಿನಿಂದಲೇ, ಒಳ್ಳೆಯ ಕೊಳ್ಳುವಿಕೆ ಎಂಬ ಅರ್ಥದ ಮೂಲಕ, ಇಂದಿನ ‘ಚೀಪ್’ ಬಂದಿದೆ.

ಗಾದೆಗಳಲ್ಲಿ ಮಾತ್ರ ಯಾವ ಇಂಗ್ಲಿಷ್ ಸಮಾನಾರ್ಥಕವೂ ಕೆಲಸಕ್ಕೆ ಬಾರದು. ‘ಸಂತೆಗೆ ಮೂರು ಮೊಳ ನೇಯ್ದ ಹಾಗೆ’ ಎಂದರೆ ಹೇಗೋ ಅವಸರದಲ್ಲಿ ಮುಗಿಸಿದ ಕೆಲಸ. ‘ಸಂತೆ ನೆರೆಯುವ ಮೊದಲೇ ಗಂಟುಕಳ್ಳರು ನೆರೆದರು’ ಎಂದರೆ ಲಾಭ ಹೊಡೆಯುವವರು ಮೊದಲೇ ಬಂದು ಕೂತರು. ಇವುಗಳಲ್ಲಿ ಸಂತೆಯ ಬದಲು ಮಾರುಕಟ್ಟೆ ಎಂದು ಹಾಕಿ ನೋಡಿದರೆ ಗಾದೆಯ ಬಿಗಿ ಸಡಿಲವಾಗುವುದು ತಾನಾಗಿ ತಿಳಿಯುತ್ತದೆ.

‘ಪೇಟೆ’ ಮತ್ತು ‘ಬಜಾರ್’ ಪದಗಳು ಮಾರ್ಕೆಟ್‌ಗೆ ಸಮಾನವೇ?

ಬಹುಮಟ್ಟಿಗೆ ಹೌದು, ಆದರೆ ಇವೆರಡರಲ್ಲೂ ವ್ಯಾಪಾರದ ಜೊತೆಗೆ ವಾಸವೂ ಸೇರಿದೆ. ಪೇಟೆ ಎಂದರೆ ಅಂಗಡಿಗಳ ಸಾಲು ಮಾತ್ರವಾಗಿರದೆ ವ್ಯಾಪಾರಿಗಳು, ಕುಶಲಕರ್ಮಿಗಳು ನೆಲೆಸಿದ ಬೀದಿ, ಕೆಲವೊಮ್ಮೆ ಇಡೀ ಪಟ್ಟಣ. ಹಳ್ಳಿಯವರು ‘ಪೇಟೆಗೆ ಹೋಗಿ ಬರ್ತೀನಿ’ ಎಂದಾಗ ಅವರು ಹೋಗುವುದು ಒಂದು ಅಂಗಡಿಗೂ ಆಗಿರಬಹುದು, ತಾಲ್ಲೂಕು ಕಚೇರಿಗೂ ಆಗಿರಬಹುದು. ಆ ವಾಕ್ಯಕ್ಕೆ ‘ಗೋಯಿಂಗ್ ಇಂಟು ಟೌನ್’ ಎಂಬ ಇಂಗ್ಲಿಷ್ ರೂಪವೇ ಹೆಚ್ಚು ಹತ್ತಿರ.

ಈ ಪದ ಇಂಗ್ಲಿಷಿಗೂ ‘ಪೆಟ್ಟಾ’ ಎಂಬ ರೂಪದಲ್ಲಿ ಹೋಗಿದೆ. ಹದಿನೆಂಟನೆಯ ಶತಮಾನದ ಯುದ್ಧಗಳನ್ನು ಕುರಿತ ಇಂಗ್ಲಿಷ್ ಬರಹಗಳಲ್ಲಿ ಕೋಟೆಗೆ ಅಂಟಿಕೊಂಡ ಊರಿಗೆ ಪೆಟ್ಟಾ ಎನ್ನುತ್ತಾರೆ. ದೊಡ್ಡಪೇಟೆ, ಸಂತೆಪೇಟೆಗಳಿರುವ ಚಿತ್ರದುರ್ಗದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೋಟೆ ಒಂದು, ಪೇಟೆ ಇನ್ನೊಂದು ಎಂಬ ಭೇದ ಅಲ್ಲಿನ ನೆಲದಲ್ಲೇ ಕಾಣುತ್ತದೆ. ದಾವಣಗೆರೆ ಬೆಳೆದ ಬಗೆ ಬೇರೆ. ಹೈದರ್ ಅಲಿ ಈ ಊರನ್ನು ಅಪೋಜಿರಾಮ್ ಎಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ ಮೇಲೆ, ಅವನು ವರ್ತಕರನ್ನು ಇಲ್ಲಿ ನೆಲೆಸಲು ಪ್ರೋತ್ಸಾಹಿಸಿದ. ಹೀಗೆ ವ್ಯಾಪಾರದಿಂದಲೇ ದೊಡ್ಡದಾದ ಊರಿನಲ್ಲಿ ಮಂಡಿಪೇಟೆ, ಚೌಕಿಪೇಟೆ ಮುಂತಾದ ಹೆಸರುಗಳು ಇರುವುದು ಸಹಜವೇ.

‘ಬಜಾರ್’ ಪಾರಸಿಯ ಪದ. ಅದು ಕನ್ನಡಕ್ಕೂ ಇಂಗ್ಲಿಷಿಗೂ ಬೇರೆ ಬೇರೆ ದಾರಿಯಲ್ಲಿ ಬಂದು ಸೇರಿದೆ. ಚಿತ್ರದುರ್ಗದ ಲಕ್ಷ್ಮೀ ಬಜಾರ್‌ನಂತೆ ನಮ್ಮಲ್ಲಿ ಅದು ಅಂಗಡಿಗಳ ಬೀದಿ. ಬ್ರಿಟಿಷ್ ಇಂಗ್ಲಿಷಿನಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಇದೆ: ಚರ್ಚು ಅಥವಾ ಶಾಲೆಯ ನೆರವಿಗಾಗಿ ಹಣ ಕೂಡಿಸಲು ಒಂದು ದಿನ ನಡೆಸುವ ಮಾರಾಟ. ಇಂಗ್ಲಿಷ್ ಕಥೆಗಳನ್ನು ಓದುವವರು ಇದನ್ನು ನೆನಪಿಡಬೇಕು, ಇಲ್ಲದಿದ್ದರೆ ಚರ್ಚಿನ ಅಂಗಳದಲ್ಲಿ ಬಜಾರ್ ಹೇಗೆ ಬಂತೆಂದು ಗೊಂದಲವಾಗುತ್ತದೆ.

‘ಮಂಡಿ’ ಎಂದರೆ ಇಡೀ ಮಾರುಕಟ್ಟೆಯೇ ಅಥವಾ ಒಂದು ಅಂಗಡಿಯೇ?

ಉತ್ತರ ಭಾರತದಲ್ಲಿ ಮಂಡಿ ಎಂದರೆ ಇಡೀ ಸಗಟು ಮಾರುಕಟ್ಟೆ. ನಮ್ಮ ಕಡೆ ಒಬ್ಬ ದಲ್ಲಾಳಿಯ ಸಗಟು ಅಂಗಡಿಯೂ ಮಂಡಿಯೇ: ‘ಈರುಳ್ಳಿ ಮಂಡಿ’, ‘ಹಣ್ಣಿನ ಮಂಡಿ’, ‘ಅವರ ಮಂಡಿಗೆ ಮಾಲು ಹಾಕಿದ್ದೇವೆ’ ಎಂಬ ಪ್ರಯೋಗಗಳನ್ನು ನೋಡಬಹುದು. ಆದ್ದರಿಂದ ದೆಹಲಿಯ ಪತ್ರಿಕೆಯಲ್ಲಿ ಬರುವ ‘ಮಂಡಿ’ಯನ್ನು ಕನ್ನಡಕ್ಕೆ ತರುವಾಗ ‘ಕೃಷಿ ಮಾರುಕಟ್ಟೆ’ ಎಂದೂ, ನಮ್ಮ ಮಂಡಿಯನ್ನು ಇಂಗ್ಲಿಷಿಗೆ ಒಯ್ಯುವಾಗ ‘ಕಮಿಷನ್ ಏಜೆಂಟ್ಸ್ ಶಾಪ್’ ಎಂದೂ ಬರೆದರೆ ಗೊಂದಲ ಇರುವುದಿಲ್ಲ. ಮಂಡಿ ಎಂದರೆ ಮೊಣಕಾಲೂ ಹೌದಾದ್ದರಿಂದ ಯಂತ್ರದ ಅನುವಾದವನ್ನು ನಂಬಿ ಕೂರುವವರು ಒಮ್ಮೆ ಕಣ್ಣಾಡಿಸಿ ಕಳಿಸುವುದು ಒಳಿತು.

‘ಯಾರ್ಡ್’ ಎಂಬುದು ಎಪಿಎಂಸಿಯ, ಅಂದರೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ ಪ್ರಾಂಗಣ. ‘ಮಾಲು ಯಾರ್ಡಿಗೆ ಬಂದಿದೆ’ ಎಂಬ ಮಾತು ಎಷ್ಟು ರೂಢಿಯಾಗಿದೆಯೆಂದರೆ ಅದನ್ನು ಕನ್ನಡಿಸಲು ಹೊರಡುವುದರಲ್ಲಿ ಅರ್ಥವಿಲ್ಲ.

ಎಪಿಎಂಸಿ ಎಂಬುದರಲ್ಲಿರುವ ‘ಎಂ’ ಮಾರ್ಕೆಟ್ಟೋ, ಮಾರ್ಕೆಟಿಂಗೋ?

ಸಮಿತಿಯ ಹೆಸರಿನಲ್ಲಿರುವುದು ಮಾರ್ಕೆಟ್: ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ. ಸಮಿತಿಗಳಿಗೆ ಆಧಾರವಾದ 1966ರ ಕರ್ನಾಟಕದ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿರುವುದು ಮಾರ್ಕೆಟಿಂಗ್. ಸಮಿತಿ ನೋಡಿಕೊಳ್ಳುವುದು ಒಂದು ಮಾರುಕಟ್ಟೆಯನ್ನು. ಕಾಯ್ದೆ ನಿಯಂತ್ರಿಸುವುದು ಮಾರಾಟದ ವ್ಯವಹಾರವನ್ನು. ಪತ್ರ ಬರೆಯುವಾಗ ಈ ಎರಡನ್ನು ಅದಲುಬದಲು ಮಾಡುವುದು ಸಾಮಾನ್ಯವಾಗಿ ಕಾಣುವ ತಪ್ಪು.

ಜಾಗವೇ ಇಲ್ಲದ ‘ಮಾರ್ಕೆಟ್’ ಇರಲು ಸಾಧ್ಯವೇ?

ಸಾಧ್ಯ. 2016ರ ಏಪ್ರಿಲ್ 14ರಂದು ಆರಂಭವಾದ ಇ-ನ್ಯಾಮ್ ಎಂಬ ರಾಷ್ಟ್ರೀಯ ಕೃಷಿ ಮಾರುಕಟ್ಟೆ ಯಾವ ಊರಿನಲ್ಲೂ ಇಲ್ಲ. ಅದು ಬೇರೆ ಬೇರೆ ಊರಿನ ಪ್ರಾಂಗಣಗಳನ್ನು ಜೋಡಿಸುವ ಆನ್‌ಲೈನ್ ವ್ಯವಸ್ಥೆ. ಇಲ್ಲಿ ‘ಮಾರುಕಟ್ಟೆ’ ಎಂಬ ಪದವೇ ಸರಿ. ಸಂತೆ, ಪೇಟೆ, ಮಂಡಿಗಳಿಗೆ ನೆಲ ಬೇಕು, ಮಾರುಕಟ್ಟೆಗೆ ಈಗ ಬೇಕಿಲ್ಲ.

‘ಮಾರ್ಕೆಟ್ ಹೆಂಗೈತಿ?’ ಎಂದು ಕೇಳಿದರೆ ಅದರ ಅರ್ಥವೇನು? ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕು?

ಯಾರ್ಡಿನಲ್ಲಿ ರೈತರೊಬ್ಬರು ಮಂಡಿಯವರನ್ನು ‘ಸಾವ್ಕಾರ್ರ, ಇವತ್ತು ಮಾರ್ಕೆಟ್ ಹೆಂಗೈತ್ರಿ?’ ಎಂದು ಕೇಳಿದಾಗ ಅವರು ಕೇಳುತ್ತಿರುವುದು ಜಾಗದ ಯೋಗಕ್ಷೇಮವನ್ನಲ್ಲ, ಅಂದಿನ ದರವನ್ನು. ‘ಮಾರ್ಕೆಟ್ ಬಿದ್ದೈತಿ’, ‘ಮಾರ್ಕೆಟ್ ಏರೈತಿ’, ‘ಮಾರ್ಕೆಟ್ ನಿಂತೈತಿ’ ಎಂಬ ಉತ್ತರಗಳೂ ದರದ ಮಾತುಗಳೇ. ಈ ಅರ್ಥಕ್ಕೆ ಕನ್ನಡದಲ್ಲಿ ‘ಧಾರಣೆ’ ಎಂಬ ಸೊಗಸಾದ ಪದವಿದೆ. ಕನ್ನಡ ಪತ್ರಿಕೆಗಳು ‘ಪೇಟೆ ಧಾರಣೆ’, ‘ಅಡಿಕೆ ಧಾರಣೆ’ ಎಂಬ ಶೀರ್ಷಿಕೆಯಡಿ ದಿನದ ದರಗಳನ್ನು ಪ್ರಕಟಿಸುತ್ತ ಬಂದಿವೆ. ಚನ್ನಗಿರಿಯಲ್ಲಾಗಲಿ ಭೀಮಸಮುದ್ರದಲ್ಲಾಗಲಿ ಅಡಿಕೆ ಬೆಳೆಗಾರರು ಅಡಿಕೆಯ ಬಗೆಗಳಾದ ‘ರಾಶಿ’ಗೆ ಎಷ್ಟು, ‘ಬೆಟ್ಟೆ’ಗೆ ಎಷ್ಟು ಎಂದು ಕ್ವಿಂಟಲ್ ಲೆಕ್ಕದಲ್ಲಿ ನೋಡುವುದು ಈ ಧಾರಣೆಯನ್ನೇ.

ಇಂಗ್ಲಿಷಿನಲ್ಲಿಯೂ ‘ದ ಮಾರ್ಕೆಟ್’ ದರದ ಸ್ಥಿತಿಯನ್ನು ಸೂಚಿಸುತ್ತದೆ: ‘ದ ಮಾರ್ಕೆಟ್ ಈಸ್ ಅಪ್’, ‘ದ ಮಾರ್ಕೆಟ್ ಫೆಲ್’ ಎನ್ನುತ್ತಾರೆ. ಕೊಳ್ಳುವವರು ಕಡಿಮೆಯಿದ್ದು ವ್ಯವಹಾರ ಮಂದವಾದರೆ ‘ಸ್ಲ್ಯಾಕ್’ ಅಥವಾ ‘ಡಲ್’ ಎನ್ನುವುದುಂಟು. ‘ವ್ಯಾಪಾರ ಡಲ್ಲು’ ಎಂದು ನಮ್ಮ ಅಂಗಡಿಕಾರರು ಹೇಳುವುದು ಇದೇ ಪದ, ಮತ್ತು ಇಂಗ್ಲಿಷಿನ ಲೆಕ್ಕದಲ್ಲೂ ಅದು ಸರಿಯಾದ ಪ್ರಯೋಗ. ಆದರೆ ಒಂದು ದಿನ ಯಾರ್ಡಿಗೆ ಎಷ್ಟು ಮಾಲು ಬಂತು ಎಂಬುದನ್ನು ಹೇಳಲು ‘ಮಾರ್ಕೆಟ್’ ಪದ ಬೇಡ. ಅದು ‘ಆವಕ’, ಇಂಗ್ಲಿಷಿನಲ್ಲಿ ‘ಅರೈವಲ್ಸ್’. ಆವಕ ಹೆಚ್ಚಾದಾಗ ಧಾರಣೆ ಇಳಿಯುತ್ತದೆ ಎಂಬ ಸರಳ ಸಂಗತಿಯನ್ನು ‘ಮಾರುಕಟ್ಟೆ ಹೆಚ್ಚಾಗಿ ಮಾರುಕಟ್ಟೆ ಇಳಿಯಿತು’ ಎಂದು ಬರೆದರೆ ಯಾರಿಗೂ ತಿಳಿಯದು.

ಮಾರ್ಕೆಟ್ ಪ್ರೈಸ್, ಮಾರ್ಕೆಟ್ ರೇಟ್, ಮಾರ್ಕೆಟ್ ವ್ಯಾಲ್ಯೂ – ಮೂರೂ ಒಂದೇ ಅಲ್ಲವೇ?

ಮಾತಿನಲ್ಲಿ ಒಂದೇ ಆಗಿಬಿಡುತ್ತವೆ, ಕಾಗದದ ಮೇಲೆ ಆಗಬಾರದು. ‘ಮಾರ್ಕೆಟ್ ಪ್ರೈಸ್’ ಎಂದರೆ ಕೊಳ್ಳುವವರು ಈಗ ಕೊಡುತ್ತಿರುವ ಬೆಲೆ. ಅದಕ್ಕೆ ಎದುರಾಗಿ ನಿಲ್ಲುವುದು ಸರ್ಕಾರ ಪ್ರಕಟಿಸುವ ಬೆಂಬಲ ಬೆಲೆ. 2024-25ರ ಮುಂಗಾರು ಬೆಳೆಗೆ ಕೇಂದ್ರ ಸರ್ಕಾರ ಮೆಕ್ಕೆಜೋಳಕ್ಕೆ ಕ್ವಿಂಟಲ್‌ಗೆ ₹2,225 ಎಂದು ಕನಿಷ್ಠ ಬೆಂಬಲ ಬೆಲೆಯನ್ನು ನಿಗದಿ ಮಾಡಿತ್ತು. ಯಾರ್ಡಿನ ಟೆಂಡರಿನಲ್ಲಿ ಅದಕ್ಕಿಂತ ಕಡಿಮೆಗೆ ಕೂಗಿದರೂ ಹೆಚ್ಚಿಗೆ ಕೂಗಿದರೂ ಆ ಕೂಗಿನ ಬೆಲೆಯೇ ಮಾರ್ಕೆಟ್ ಪ್ರೈಸ್. ಮೆಕ್ಕೆಜೋಳ ಬೆಳೆಯುವ ದಾವಣಗೆರೆ ಸೀಮೆಯಲ್ಲಿ ಇವೆರಡರ ನಡುವಿನ ಅಂತರವೇ ಸುದ್ದಿಯಾಗುವುದರಿಂದ, ವರದಿ ಬರೆಯುವವರು ಎರಡನ್ನೂ ‘ಬೆಲೆ’ ಎಂಬ ಒಂದೇ ಪದದಲ್ಲಿ ಮುಗಿಸಬಾರದು.

‘ಮಾರ್ಕೆಟ್ ರೇಟ್’ ಎಂಬುದನ್ನು ನಮ್ಮಲ್ಲಿ ಸರಕಿನ ಬೆಲೆಗೂ ಬಳಸುತ್ತಾರೆ. ಇಂಗ್ಲಿಷಿನಲ್ಲಿ ಅದು ಹೆಚ್ಚಾಗಿ ಬಡ್ಡಿ, ಬಾಡಿಗೆ, ಕೂಲಿಗಳಿಗೆ ಅನ್ವಯಿಸುತ್ತದೆ.

‘ಮಾರ್ಕೆಟ್ ವ್ಯಾಲ್ಯೂ’ ಎಂದರೆ ಮಾರಾಟ ಆಗಿರಲಿ ಬಿಡಲಿ, ಮಾರಿದರೆ ಬರಬಹುದಾದ ಮೌಲ್ಯ. ಸೈಟು, ಹೊಲ, ಮನೆಗಳ ವಿಷಯದಲ್ಲಿ ಈ ಪದಕ್ಕೆ ಕಾನೂನಿನ ತೂಕವಿದೆ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆ ಅದನ್ನು ಬಳಸುತ್ತದೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಕೇಳಿಬರುವ ‘ಮಾರ್ಗಸೂಚಿ ಬೆಲೆ’ ಎಂಬುದು ‘ಗೈಡೆನ್ಸ್ ವ್ಯಾಲ್ಯೂ’. ಅದು ನೋಂದಣಿಗಾಗಿ ಸರ್ಕಾರ ಗೊತ್ತುಪಡಿಸಿದ ಮೌಲ್ಯ, ಬೀದಿಯಲ್ಲಿ ಜನ ಮಾತಾಡುವ ಬೆಲೆಯಲ್ಲ. ‘ಮಾರ್ಕೆಟ್ ರೇಟ್ ಬೇರೆ, ಸರ್ಕಾರಿ ರೇಟ್ ಬೇರೆ’ ಎಂಬ ರಿಯಲ್ ಎಸ್ಟೇಟಿನವರ ಮಾತು ಈ ಅಂತರವನ್ನೇ ಹೇಳುತ್ತದೆ.

‘ಇನ್ ದ ಮಾರ್ಕೆಟ್’, ‘ಆನ್ ದ ಮಾರ್ಕೆಟ್’, ‘ಅಟ್ ದ ಮಾರ್ಕೆಟ್’ – ಯಾವುದನ್ನು ಯಾವಾಗ ಬಳಸಬೇಕು?

ವ್ಯಕ್ತಿಯೊಬ್ಬರು ಎಲ್ಲಿದ್ದಾರೆ ಎಂದು ಹೇಳಲು ‘ಅಟ್ ದ ಮಾರ್ಕೆಟ್’ ಅಥವಾ ‘ಇನ್ ದ ಮಾರ್ಕೆಟ್’: ಅಮ್ಮ ಕೆ.ಆರ್. ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದರೆ ಎರಡೂ ನಡೆಯುತ್ತವೆ. ‘ಆನ್ ದ ಮಾರ್ಕೆಟ್’ ಎಂದರೆ ವಸ್ತು ಮಾರಾಟಕ್ಕಿದೆ ಎಂದರ್ಥ. ‘ದ ಹೌಸ್ ಈಸ್ ಆನ್ ದ ಮಾರ್ಕೆಟ್’ ಎಂಬುದನ್ನು ‘ಮನೆ ಮಾರಾಟಕ್ಕಿದೆ’ ಎಂದು ಹೇಳಬೇಕು. ಹೊಸ ಬಿತ್ತನೆ ಬೀಜ, ಹೊಸ ಫೋನು ಮುಂತಾದವುಗಳ ವಿಷಯದಲ್ಲಿ ಕನ್ನಡದಲ್ಲಿಯೂ ‘ಮಾರುಕಟ್ಟೆಗೆ ಬಂದಿದೆ’ ಎನ್ನುತ್ತೇವೆ, ಅದು ಚೆನ್ನಾಗಿಯೇ ಇದೆ.

‘ಟು ಮಾರ್ಕೆಟ್’ ಎಂದು ‘ದ’ ಇಲ್ಲದೆ ಬರೆಯುವುದೂ ಉಂಟು. ಬೆಳೆದದ್ದನ್ನು ಮಾರಲು ಒಯ್ಯುವ ಅರ್ಥದಲ್ಲಿ ‘ಟೇಕ್ ದ ಮೇಜ್ ಟು ಮಾರ್ಕೆಟ್’ ಎನ್ನುತ್ತಾರೆ. ಅಲ್ಲಿ ಗಮನವಿರುವುದು ಮಾರುವ ಉದ್ದೇಶದ ಮೇಲೆ. ಕೊತ್ತಂಬರಿ ಸೊಪ್ಪು ತರಲು ಹೋದವರು ‘ಟು ದ ಮಾರ್ಕೆಟ್’ ಹೋದರು ಎನ್ನುವುದು ವಾಡಿಕೆ. ಭಾರತೀಯ ಇಂಗ್ಲಿಷಿನಲ್ಲಿ ಈ ಭೇದವನ್ನು ಅಷ್ಟಾಗಿ ಪಾಲಿಸುವುದಿಲ್ಲ, ಮತ್ತು ಅದರಿಂದ ಅರ್ಥಕ್ಕೆ ಧಕ್ಕೆಯೂ ಆಗುವುದಿಲ್ಲ. ಪರೀಕ್ಷೆಗೆ ಕೂರುವವರು ಮಾತ್ರ ಗಮನಿಸಬೇಕು.

‘ಹೀ ಈಸ್ ಇನ್ ದ ಮಾರ್ಕೆಟ್ ಫಾರ್ ಎ ಟ್ರ್ಯಾಕ್ಟರ್’ ಎಂದರೆ ಟ್ರ್ಯಾಕ್ಟರ್ ಮಾರುವವನೇ?

ಅಲ್ಲ, ಕೊಳ್ಳುವವನು. ಕೊಳ್ಳುವ ಮನಸ್ಸಿದ್ದು, ಹಣದ ಏರ್ಪಾಟೂ ಇದ್ದು, ನಾಲ್ಕು ಕಡೆ ವಿಚಾರಿಸುತ್ತಿರುವ ಸ್ಥಿತಿಯನ್ನು ಇದು ಹೇಳುತ್ತದೆ. ‘ಟ್ರ್ಯಾಕ್ಟರ್ ನೋಡ್ತಿದಾರೆ’ ಎಂಬ ನಮ್ಮ ಮಾತು ಇದಕ್ಕೆ ಸರಿಯಾದ ಜೋಡಿ. ಹೆಣ್ಣು ನೋಡುವುದು, ಸೈಟು ನೋಡುವುದು, ಎತ್ತು ನೋಡುವುದು ಎಲ್ಲದಕ್ಕೂ ಕನ್ನಡದಲ್ಲಿ ಇದೇ ‘ನೋಡು’. ಇಂಗ್ಲಿಷಿನ ನುಡಿಗಟ್ಟನ್ನು ಮೊದಲನೆಯದಕ್ಕೆ ಬಳಸದಿರುವುದು ಮರ್ಯಾದೆ.

‘ಮಾರ್ಕೆಟಿಂಗ್’ ಎಂದರೆ ಕೊಳ್ಳುವುದೇ, ಮಾರುವುದೇ?

ಇಂದಿನ ಇಂಗ್ಲಿಷಿನಲ್ಲಿ ಅದು ಮಾರಾಟದ ಕಡೆಯದು: ಯಾವ ಜನಕ್ಕೆ ಏನು ಬೇಕೆಂದು ತಿಳಿದು, ಬೆಲೆ ಗೊತ್ತುಮಾಡಿ, ಪ್ರಚಾರ ಕೊಟ್ಟು, ಸರಕು ತಲುಪುವಂತೆ ಮಾಡುವ ಇಡೀ ಕೆಲಸ. ಸಹಕಾರ ಕ್ಷೇತ್ರದಲ್ಲಿ ಇದಕ್ಕೆ ‘ಮಾರಾಟ’ ಎಂಬ ಸರಳ ಪದ ನೆಲೆಗೊಂಡಿದೆ. ಟಿಎಪಿಸಿಎಂಎಸ್ ಎಂದು ಜನ ಕರೆಯುವುದು ತಾಲ್ಲೂಕು ಕೃಷಿ ಉತ್ಪನ್ನ ಸಹಕಾರ ಮಾರಾಟ ಸಂಘವನ್ನು. ರಾಜ್ಯ ಮಟ್ಟದ ‘ಮಾರ್ಕೆಟಿಂಗ್ ಫೆಡರೇಷನ್’ ಕನ್ನಡದಲ್ಲಿ ಮಾರಾಟ ಮಹಾಮಂಡಳ. ಇಷ್ಟು ಅಚ್ಚುಕಟ್ಟಾದ ಪದ ಬಳಕೆಯಲ್ಲಿರುವಾಗ ‘ಮಾರುಕಟ್ಟೀಕರಣ’ದಂತಹ ಪದವನ್ನು ಟಂಕಿಸುವ ಅಗತ್ಯ ಕಾಣುವುದಿಲ್ಲ.

‘ಸಂಜೆ ಮಾರ್ಕೆಟಿಂಗ್‌ಗೆ ಹೋಗಿದ್ದೆವು’ ಎಂದು ತರಕಾರಿ, ದಿನಸಿ ಕೊಂಡುತಂದದ್ದನ್ನು ಹೇಳುವವರನ್ನು ನಗುವವರಿದ್ದಾರೆ. ನಗಬೇಕಾಗಿಲ್ಲ. ಹಳೆಯ ಇಂಗ್ಲಿಷ್ ಬರಹಗಳಲ್ಲಿ ‘ಡೂ ದ ಮಾರ್ಕೆಟಿಂಗ್’ ಎಂದರೆ ಮನೆಗೆ ಬೇಕಾದ್ದನ್ನು ಕೊಂಡುತರುವುದೇ ಆಗಿತ್ತು. ಅಲ್ಲಿ ಮರೆಯಾದ ಅರ್ಥ ಭಾರತದಲ್ಲಿ ಉಳಿದುಕೊಂಡಿದೆ. ಈಗಿನ ಬರವಣಿಗೆಯಲ್ಲಿ ಮಾತ್ರ ‘ಶಾಪಿಂಗ್’ ಎನ್ನುವುದು ಸುರಕ್ಷಿತ. ಇನ್ನು ಕೆಲಸದ ಜಾಹೀರಾತುಗಳಲ್ಲಿ ಬರುವ ‘ಮಾರ್ಕೆಟಿಂಗ್ ಹುಡುಗರು ಬೇಕಾಗಿದ್ದಾರೆ’ ಎಂಬುದು ಹೆಚ್ಚಿನ ಸಲ ಮನೆಮನೆ, ಅಂಗಡಿ ಅಂಗಡಿ ತಿರುಗಿ ಮಾರುವ ಕೆಲಸ, ಅದು ‘ಸೇಲ್ಸ್’.

‘ಬ್ಲಾಕ್ ಮಾರ್ಕೆಟ್’ ಎಂಬುದನ್ನು ‘ಕಪ್ಪು ಮಾರುಕಟ್ಟೆ’ ಎನ್ನಬಹುದೇ?

ಬೇಡ, ‘ಕಾಳಸಂತೆ’ ಎಂಬ ಒಳ್ಳೆಯ ಪದವಿದೆ. ಷೇರು, ಕಾರ್ಮಿಕ, ಬಂಡವಾಳ ಇವೆಲ್ಲಕ್ಕೂ ಮಾರುಕಟ್ಟೆ ಎಂದ ಕನ್ನಡ, ಕಳ್ಳ ವ್ಯಾಪಾರಕ್ಕೆ ಮಾತ್ರ ಸಂತೆಯನ್ನು ಆರಿಸಿಕೊಂಡದ್ದು ಸ್ವಾರಸ್ಯಕರ. ಇಲ್ಲಿನ ‘ಕಾಳ’ ಎಂದರೆ ಕಪ್ಪು. ಪಡಿತರದ ಧಾನ್ಯಕ್ಕೂ ಈ ಪದಕ್ಕೂ ಸುದ್ದಿಗಳಲ್ಲಿ ನಂಟಿದ್ದರೂ ಕಾಳುಕಡಿಗೆ ಸಂಬಂಧವಿಲ್ಲ. ಅವಶ್ಯಕ ವಸ್ತುಗಳ ಕಾಳಸಂತೆ ತಡೆಯಲೆಂದೇ 1980ರಲ್ಲಿ ಕೇಂದ್ರದ ಕಾಯ್ದೆಯೊಂದು ಬಂದಿದೆ. ಮಾಲನ್ನು ಬಚ್ಚಿಟ್ಟು ಬೆಲೆ ಏರುವವರೆಗೆ ಕಾಯುವುದು ‘ಹೋರ್ಡಿಂಗ್’, ಅಂದರೆ ಅಕ್ರಮ ದಾಸ್ತಾನು. ಅದನ್ನು ಹೆಚ್ಚಿನ ಬೆಲೆಗೆ ಗುಟ್ಟಾಗಿ ಮಾರುವುದು ಕಾಳಸಂತೆ. ಇಂಗ್ಲಿಷಿನಲ್ಲಿ ಬರೆಯುವಾಗ ‘ಆನ್ ದ ಬ್ಲಾಕ್ ಮಾರ್ಕೆಟ್’ ಎಂದು ‘ಆನ್’ ಬಳಸಬೇಕು. ‘ಬ್ಲಾಕ್‌ನಾಗ ಟಿಕೆಟ್ ತಗಂಡೆ’ ಎಂಬುದರ ಪ್ರಭಾವದಿಂದ ‘ಇನ್ ಬ್ಲಾಕ್’ ಎಂದು ಬರೆಯುವುದು ಭಾರತದ ಹೊರಗೆ ಅರ್ಥವಾಗದು.

‘ಫ್ಲೀ ಮಾರ್ಕೆಟ್’ ಎಂಬುದು ಫ್ರೆಂಚ್ ನುಡಿಗಟ್ಟಿನಿಂದ ಬಂದದ್ದು, ಚಿಗಟಗಳ ಮಾರುಕಟ್ಟೆ ಎಂಬುದು ಅದರ ಅಕ್ಷರಶಃ ಅರ್ಥ. ‘ಹಳೇ ಸಾಮಾನಿನ ಸಂತೆ’ ಎಂದರೆ ಸಾಕು. ಗುಜರಿ ಅಂಗಡಿ ಬೇರೆ, ಅಲ್ಲಿ ಸಾಮಾನು ತೂಕಕ್ಕೆ ಹೋಗುತ್ತದೆ.

ಷೇರು ಮಾರ್ಕೆಟ್ ಎನ್ನುವುದು ಸರಿಯಾದ ಇಂಗ್ಲಿಷೇ?

ಸರಿ. ಅಮೆರಿಕದಲ್ಲಿ ‘ಸ್ಟಾಕ್ ಮಾರ್ಕೆಟ್’ ಹೆಚ್ಚು ರೂಢಿ, ಭಾರತದಲ್ಲಿ ಎರಡೂ ಇವೆ. ‘ಸ್ಟಾಕ್ ಎಕ್ಸ್‌ಚೇಂಜ್’ ಎಂಬುದು ವಹಿವಾಟು ನಡೆಯುವ ಸಂಸ್ಥೆ, 1875ರಲ್ಲಿ ಸ್ಥಾಪನೆಯಾದ ಮುಂಬೈ ಷೇರು ವಿನಿಮಯ ಕೇಂದ್ರದಂತೆ. ಏರುಗತಿಗೆ ‘ಬುಲ್ ಮಾರ್ಕೆಟ್’, ಇಳಿಗತಿಗೆ ‘ಬೇರ್ ಮಾರ್ಕೆಟ್’. ಕನ್ನಡ ಪತ್ರಿಕೆಗಳ ವಾಣಿಜ್ಯ ಪುಟಗಳು ಗೂಳಿ ಮತ್ತು ಕರಡಿಯನ್ನು ಹಾಗೆಯೇ ಉಳಿಸಿಕೊಂಡಿವೆ.

ಅಂಗಡಿಯ ಬೋರ್ಡುಗಳಲ್ಲಿ ಕಾಣುವ ಮಾರ್ಟ್, ಸ್ಟೋರ್ಸ್, ಎಂಪೋರಿಯಂ, ಮಾಲ್ ಇವೆಲ್ಲ ಮಾರ್ಕೆಟ್‌ನ ಸಮಾನಾರ್ಥಕಗಳೇ?

ಸಮಾನಾರ್ಥಕ ಕೋಶಗಳು ಇವನ್ನು ಒಂದೇ ಸಾಲಿನಲ್ಲಿ ಜೋಡಿಸುತ್ತವೆ, ಬೀದಿ ಮಾತ್ರ ಹಾಗೆ ಜೋಡಿಸುವುದಿಲ್ಲ. ‘ಮಾರ್ಟ್’ ಡಚ್ ಭಾಷೆಯ ಮೂಲಕ ಬಂದ ‘ಮಾರ್ಕೆಟ್’ನ ಸೋದರ ಪದ, ಮೂಲದಲ್ಲಿ ವ್ಯಾಪಾರ ಕೇಂದ್ರ, ಬೋರ್ಡಿನ ಮೇಲೆ ಒಂದೇ ಅಂಗಡಿ. ‘ಎಂಪೋರಿಯಂ’ ಗ್ರೀಕ್ ಮೂಲದ್ದು. ಅಂದು ಊರೂರು ತಿರುಗುವ ವರ್ತಕರ ತಾಣ, ಇಂದು ಸೀರೆಯದೋ ಕರಕುಶಲ ವಸ್ತುಗಳದೋ ದೊಡ್ಡ ಅಂಗಡಿ. ‘ಮಾಲ್’ ಲಂಡನ್ನಿನಲ್ಲಿ ಚೆಂಡು ಮತ್ತು ಕೊಡತಿಯಿಂದ ಆಡುತ್ತಿದ್ದ ಒಂದು ಆಟದ ಓಣಿಯಿಂದ ಬಂದ ಹೆಸರು. ಓಣಿ ನೆರಳಿನ ನಡೆದಾಟದ ದಾರಿಯಾಗಿ, ಕೊನೆಗೆ ಅಂಗಡಿಗಳ ಸಮುಚ್ಚಯವಾಗಿದೆ. ಮಂಡಿಯಲ್ಲಿ ಅಳತೆಯಿಲ್ಲದೆ ಕೇಳಿಬರುವ ‘ಮಾಲು’ ಅರಬ್ಬಿಯದು, ಅದಕ್ಕೂ ಇದಕ್ಕೂ ನಂಟಿಲ್ಲ.

‘ಸ್ಟೋರ್’ ಅಮೆರಿಕದವರ ಅಂಗಡಿ. ಬ್ರಿಟಿಷರ ಸಣ್ಣ ಅಂಗಡಿ ‘ಶಾಪ್’. ನಮ್ಮಲ್ಲಿ ಒಂದೇ ಬಾಗಿಲಿನ ಅಂಗಡಿಯೂ ‘ಪ್ರಾವಿಜನ್ ಸ್ಟೋರ್ಸ್’, ‘ಜನರಲ್ ಸ್ಟೋರ್ಸ್’ ಎಂದು ಬಹುವಚನದಲ್ಲಿರುತ್ತದೆ. ಅದು ಬ್ರಿಟಿಷ್ ಬಳಕೆಯ ಉಳಿಕೆ. ಬೋರ್ಡು ತಿದ್ದಿಸಲು ಯಾರೂ ಹಣ ಖರ್ಚು ಮಾಡಬೇಕಾಗಿಲ್ಲ.

‘ಮಾರ್ಕೆಟ್’ ಪದಕ್ಕೆ ವಿರುದ್ಧ ಪದ ಯಾವುದು?

ಇಲ್ಲ. ಪ್ರಶ್ನೆಪತ್ರಿಕೆಯಲ್ಲಿ ಕೇಳಿದ್ದರೆ ಪ್ರಶ್ನೆಯೇ ತಪ್ಪು.

ಲೇಬರ್ ಮಾರ್ಕೆಟ್, ಜಾಬ್ ಮಾರ್ಕೆಟ್ ಎಂಬಂತಹ ಪ್ರಯೋಗಗಳನ್ನು ಹೇಗೆ ಕನ್ನಡಿಸುವುದು?

ಅರ್ಥಶಾಸ್ತ್ರದ ಬರಹದಲ್ಲಿ ‘ಕಾರ್ಮಿಕ ಮಾರುಕಟ್ಟೆ’, ‘ಉದ್ಯೋಗ ಮಾರುಕಟ್ಟೆ’ ಎಂಬುವು ಪಾರಿಭಾಷಿಕ ಪದಗಳಾಗಿ ನಡೆಯುತ್ತವೆ. ಸಾಮಾನ್ಯ ಬರಹದಲ್ಲಿ ‘ಜಾಬ್ ಮಾರ್ಕೆಟ್ ಚೆನ್ನಾಗಿಲ್ಲ’ ಎಂಬುದನ್ನು ‘ಕೆಲಸ ಸಿಗುವುದು ಕಷ್ಟವಾಗಿದೆ’ ಎಂದು ಬಿಡಿಸಿ ಬರೆಯುವುದೇ ಮೇಲು. ‘ಆ ನಟನಿಗೆ ಈಗ ಮಾರ್ಕೆಟ್ ಇದೆ’ ಎಂಬ ಚಿತ್ರರಂಗದ ಮಾತು ಬೇಡಿಕೆಯ ಅರ್ಥದ್ದು. ಅದನ್ನು ಇಂಗ್ಲಿಷಿಗೆ ಒಯ್ಯುವಾಗ ‘ಹೀ ಈಸ್ ಇನ್ ಡಿಮ್ಯಾಂಡ್’ ಎನ್ನಬೇಕು, ‘ಹೀ ಹ್ಯಾಸ್ ಎ ಮಾರ್ಕೆಟ್’ ಎಂದರೆ ಅವನಿಗೆ ಸ್ವಂತದ ಮಾರುಕಟ್ಟೆ ಇದೆ ಎಂದು ಓದುಗರು ತಿಳಿಯುತ್ತಾರೆ.

ಉಚ್ಚಾರಣೆ ಮತ್ತು ಬರಹದಲ್ಲಿ ಏನನ್ನು ಗಮನಿಸಬೇಕು?

ಇಂಗ್ಲಿಷಿನಲ್ಲಿ ಒತ್ತು ಮೊದಲ ಉಚ್ಚಾರಾಂಶದ ಮೇಲಿದ್ದು ಎರಡನೆಯದು ‘ಕಿಟ್’ ಎಂಬಂತೆ ಹಗುರವಾಗಿ ಕೇಳುತ್ತದೆ. ಕನ್ನಡದಲ್ಲಿ ಮಾತನಾಡುವಾಗ ‘ಮಾರ್ಕೆಟ್ಟು’, ‘ಮಾರ್ಕೆಟ್ಟಿಗೆ’, ‘ಮಾರ್ಕೆಟ್ಟಿನಾಗ’ ಎಂದು ಸ್ವರ ಸೇರಿಸಿಕೊಂಡು ವಿಭಕ್ತಿ ಹಚ್ಚುವುದು ಕನ್ನಡದ ಸಹಜ ನಿಯಮ, ಅದನ್ನು ತಪ್ಪೆನ್ನುವಂತಿಲ್ಲ. ಬರಹದಲ್ಲಿ ‘ಮಾರ್ಕೆಟ್‌ಗೆ’, ‘ಮಾರ್ಕೆಟ್ಟಿಗೆ’ ಎರಡೂ ಬಳಕೆಯಲ್ಲಿವೆ. ಒಂದು ಬರಹದ ಉದ್ದಕ್ಕೂ ಒಂದನ್ನೇ ಇಟ್ಟುಕೊಂಡರಾಯಿತು. ಕ್ರಿಯಾಪದವಾಗಿ ಬಳಸುವಾಗ ಇಂಗ್ಲಿಷ್ ಬರಹದಲ್ಲಿ ‘ಮಾರ್ಕೆಟೆಡ್’, ‘ಮಾರ್ಕೆಟಿಂಗ್’ ಪದಗಳಿಗೆ ಒಂದೇ ‘ಟಿ’ ಅಕ್ಷರ ಸಾಕು. ನಾವು ಉಚ್ಚರಿಸುವಾಗ ಸೇರಿಸುವ ಒತ್ತಕ್ಷರದ ಅಭ್ಯಾಸದಿಂದ ಎರಡು ‘ಟಿ’ ಹಾಕುವವರು ಬಹಳ ಮಂದಿ ಇದ್ದಾರೆ.